ಗಾಳಿ ಪುಕ್ಕಟೆ, ರಿಯಾಕ್ಟರ್ ಅಲ್ಲ

ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡಲು ಗಾಳಿಯ ಆಮ್ಲಜನಕವೇ ಸಾಕು, ಉಳಿಯುವುದು ಬರೀ ನೀರು, ಆದರೂ ಕಾರ್ಖಾನೆಗಳು ಕ್ರೋಮಿಯಂನಂಥ ಹಳೆಯ ರಾಸಾಯನಿಕಗಳಿಗೆ ಜೋತುಬಿದ್ದಿರುವುದು ಸೋಮಾರಿತನ ಎಂಬುದು ಕಳೆದ ಸಂಚಿಕೆಯ ಲೇಖನದ ತಾತ್ಪರ್ಯ. ಕ್ರೋಮಿಯಂ ಮೇಲಿನ ಲೇಖಕರ ಸಿಟ್ಟು ನ್ಯಾಯವಾದದ್ದೇ. ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತದೆ. ಸೋಮಾರಿತನದ ಆರೋಪ ಮಾತ್ರ ಒಪ್ಪಲಾಗದು.

ಮೆಥನಾಲ್‌ನಿಂದ ಫಾರ್ಮಾಲ್ಡಿಹೈಡ್ ತಯಾರಿಸುವವರು ದಶಕಗಳಿಂದ ಗಾಳಿಯನ್ನೇ ಬಳಸುತ್ತಿದ್ದಾರೆ. ಗಾಳಿಯಲ್ಲಿ ಮೆಥನಾಲ್ ಆವಿ ಸುಮಾರು ಶೇ 6ರಿಂದ 36ರ ನಡುವೆ ಇದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಹಾಗಾಗಿ ಬೆಳ್ಳಿಯ ವೇಗವರ್ಧಕವಿರುವ ಘಟಕಗಳು ಮೆಥನಾಲನ್ನು ಮೇಲಿನ ಮಿತಿಗಿಂತ ಹೆಚ್ಚಿಟ್ಟು, 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಡೆಯುತ್ತವೆ. ಕಬ್ಬಿಣ-ಮಾಲಿಬ್ಡಿನಂ ಆಕ್ಸೈಡಿನವು ಗಾಳಿಯನ್ನು ಹೆಚ್ಚಿಟ್ಟು, ಕಡಿಮೆ ಶಾಖದಲ್ಲಿ ನಡೆಯುತ್ತವೆ. ಎರಡರ ವಿನ್ಯಾಸದಲ್ಲೂ ಸ್ಫೋಟ ತಪ್ಪಿಸುವ ಲೆಕ್ಕವೇ ಮುಖ್ಯ.

ಔಷಧದ ಅಣುಗಳು ಆ ಶಾಖ ತಾಳಲಾರವು. 2011ರಲ್ಲಿ ವಿಸ್ಕಾನ್ಸಿನ್‌ನ ರಸಾಯನಶಾಸ್ತ್ರಜ್ಞ ಶಾನನ್ ಸ್ಟಾಲ್ ಅವರ ತಂಡ ತಾಮ್ರ ಮತ್ತು ಟೆಂಪೊ (TEMPO) ಎಂಬ ಸಾವಯವ ಸಂಯುಕ್ತದ ವೇಗವರ್ಧಕ ಜೋಡಿಯಿಂದ, ಕೋಣೆಯ ಉಷ್ಣತೆಯಲ್ಲಿ, ಮಾಮೂಲಿ ಗಾಳಿಯಲ್ಲೇ ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡಿಸಿತು. ಆಲ್ಡಿಹೈಡ್ ಮುಂದುವರಿದು ಆಮ್ಲವಾಗಲು ಬಿಡಲಿಲ್ಲ. ಸೊಗಸಾದ ಕೆಲಸ, ಅನುಮಾನವಿಲ್ಲ. ಆದರೆ ಅದರ ದ್ರಾವಕ ಅಸಿಟೋನೈಟ್ರೈಲ್ (ನೀರಲ್ಲ, ಹೊತ್ತಿಕೊಳ್ಳುವ ವಸ್ತು). ಸಣ್ಣ ಫ್ಲಾಸ್ಕಿನಲ್ಲಿ ನಡೆದದ್ದನ್ನು ಸಾವಿರ ಲೀಟರಿನ ರಿಯಾಕ್ಟರಿನಲ್ಲಿ ಹಾಗೆಯೇ ಮಾಡಹೊರಟರೆ ಅನಾಹುತ. ಅದಕ್ಕೇ ದೊಡ್ಡ ಪ್ರಮಾಣಕ್ಕೆ ನೈಟ್ರೋಜನ್ ಬೆರೆಸಿ ಆಮ್ಲಜನಕವನ್ನು ಶೇ 10ಕ್ಕಿಂತ ಕೆಳಗಿಳಿಸಿ, ಕೊಳವೆಯಲ್ಲಿ ಹರಿಸುತ್ತ ಕ್ರಿಯೆ ನಡೆಸುವ ದಾರಿಯನ್ನು ಸಂಶೋಧಕರು ಕಂಡುಕೊಂಡರು. ಕೊನೆಗೆ ತಾಮ್ರವನ್ನು ತೆಗೆಯುವ ಖರ್ಚು ಬೇರೆ.

ಟೆಂಪೊ ಜೊತೆ ಗಾಳಿಯ ಬದಲು ಬ್ಲೀಚ್ ದ್ರಾವಣ ಬಳಸುವ ಕಾರ್ಖಾನೆಗೆ ಉಪ್ಪುನೀರು ಉಳಿಯುತ್ತದೆ, ನಿಜ. ಆದರೆ ಆಮ್ಲಜನಕದಿಂದಾಗುವ ಸ್ಫೋಟದ ಭಯ ಇರುವುದಿಲ್ಲ. ಲೇಖಕರು ಬೈಯುವ ಮೊದಲು ಈ ಲೆಕ್ಕವನ್ನೂ ಓದುಗರ ಮುಂದಿಡಲಿ.