ಮೊವಾನಾಳ ದ್ವೀಪದಲ್ಲಿ ಒಂದು ಮಧ್ಯಾಹ್ನ

ಕಳೆದ ಭಾನುವಾರ ಹೊರಗೆ ಜಡಿಮಳೆ. ಮೊಮ್ಮಕ್ಕಳಿಬ್ಬರೂ 'ಅಜ್ಜಿ, ಸಿನಿಮಾ ಹಾಕು' ಎಂದು ದುಂಬಾಲು ಬಿದ್ದರು. ನಾನು ಹಾಕಿದ್ದು 2016ರಲ್ಲಿ ಬಂದ ಡಿಸ್ನಿಯ ಕಾರ್ಟೂನ್ ಚಿತ್ರ 'ಮೊವಾನಾ'. ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆಯ ಚಿತ್ರ.

ಪೆಸಿಫಿಕ್ ಸಾಗರದ ನಡುವೆ ಮೊಟುನುಯಿ ಎಂಬ ಕಲ್ಪನೆಯ ದ್ವೀಪ. ಬಿಳಿ ಮರಳು, ತೆಂಗಿನ ತೋಪು, ಹಸಿರು ಗುಡ್ಡ. ನೋಡಿದರೆ ಸ್ವರ್ಗವೇ ಸರಿ. ಅಲ್ಲಿನ ಮುಖಂಡನ ಮಗಳು ಮೊವಾನಾ. ಆ ಕಡೆಯ ಭಾಷೆಗಳಲ್ಲಿ ಈ ಹೆಸರಿನ ಅರ್ಥವೇ ಸಮುದ್ರ. ಆದರೆ ಅಪ್ಪ ಅವಳನ್ನು ದೂರದ ನೀರಿಗೆ ಇಳಿಯಲು ಬಿಡುವುದಿಲ್ಲ. ಒಂದು ದಿನ ತೆಂಗಿನಕಾಯಿಗಳು ಕಪ್ಪಾಗಿ ಕೊಳೆಯುತ್ತವೆ, ಬಲೆಗೆ ಮೀನು ಬೀಳುವುದಿಲ್ಲ. ಮಾವುಯಿ ಎಂಬ ವೀರ ಹಿಂದೊಮ್ಮೆ ದೇವಿಯೊಬ್ಬಳ ಹೃದಯ ಕದ್ದದ್ದೇ ಇದಕ್ಕೆ ಕಾರಣ. ಅದನ್ನು ಹಿಂತಿರುಗಿಸಲು ಮೊವಾನಾ ದೋಣಿ ಏರುತ್ತಾಳೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ನೀರನ್ನು ಇಷ್ಟು ಚೆನ್ನಾಗಿ ತೋರಿಸಿದ ಕಾರ್ಟೂನ್ ಕಡಿಮೆ. ಇಲ್ಲಿ ಸಮುದ್ರವೇ ಒಂದು ತುಂಟ ಪಾತ್ರ. ಕಾಪಾಡಲು ಬರುವ ರಾಜಕುಮಾರ ಇಲ್ಲ, ಮದುವೆಯ ಮಾತೂ ಇಲ್ಲ. ಮೊವಾನಾಗೆ ದನಿ ಕೊಟ್ಟ ಔಲೀ ಕ್ರವಾಲ್ಯೊ ಹವಾಯಿಯ ಹುಡುಗಿಯೇ. ಇನ್ನು ಅಜ್ಜಿ ಟಾಲಾ! ಊರೆಲ್ಲ ಹುಚ್ಚಿ ಎಂದರೂ ಮೊಮ್ಮಗಳಿಗೆ ದಾರಿ ತೋರುವವಳು ಅವಳೇ. ನನಗೆ ಅವಳ ಮೇಲೆ ಸ್ವಲ್ಪ ಪಕ್ಷಪಾತ, ಇರಲಿ.

ನಕ್ಷತ್ರ, ಅಲೆ, ಗಾಳಿ ನೋಡಿ ದೋಣಿ ನಡೆಸುವುದು ಬರೀ ಕಟ್ಟುಕಥೆಯಲ್ಲ, ಮಕ್ಕಳೇ. 1976ರಲ್ಲಿ 'ಹೊಕುಲೆಅ' ಎಂಬ ಹಾಯಿದೋಣಿ ದಿಕ್ಸೂಚಿಯೇ ಇಲ್ಲದೆ ಹವಾಯಿಯಿಂದ ಟಹೀಟಿಗೆ ಹೋಗಿ ಮುಟ್ಟಿತು. ದಾರಿ ಹೇಳಿದವರು ಮಾವು ಪಿಯಾಯ್ಲುಗ್ ಎಂಬ ನಾವಿಕರು.

ಈಗ ಕೊರತೆಗಳು. ಸಮೋವಾ, ಟೋಂಗಾ, ಟಹೀಟಿ, ಹವಾಯಿ ಎಲ್ಲಕ್ಕೂ ಅವರವರದೇ ಭಾಷೆ, ಕಥೆ, ಪದ್ಧತಿಗಳಿವೆ. ಚಿತ್ರ ಎಲ್ಲವನ್ನೂ ಒಂದೇ ದ್ವೀಪದಲ್ಲಿ ಕಲಸಿಬಿಟ್ಟಿದೆ. ದೋಸೆ, ಕಡುಬು, ಜೋಳದ ರೊಟ್ಟಿ ಒಂದೇ ತಟ್ಟೆಯಲ್ಲಿಟ್ಟು 'ಇದು ಭಾರತದ ತಿಂಡಿ' ಎಂದಂತೆ. ದೈತ್ಯ ಏಡಿಯ ಪ್ರಸಂಗ ಕಥೆಯನ್ನು ಎಳೆಯುತ್ತದೆ.

ದೊಡ್ಡ ತಕರಾರು ಮಾವುಯಿಯದು. ಸಮುದ್ರದಿಂದ ದ್ವೀಪಗಳನ್ನು ಗಾಳ ಹಾಕಿ ಎತ್ತಿದವನು ಎಂದು ಅಲ್ಲಿನವರು ಕಥೆ ಹೇಳುವ ವೀರನನ್ನು ಚಿತ್ರ ಡೊಳ್ಳು ಮೈಯವನನ್ನಾಗಿ ಮಾಡಿತು. ನಮ್ಮ ಜನರನ್ನು ಹೀಗೇಕೆ ತೋರಿಸುತ್ತೀರಿ ಎಂದು ಅಲ್ಲಿನ ಹಲವರು ಕೇಳಿದರು. ಮಾವುಯಿಯ ಕಂದು ಚರ್ಮ, ಹಚ್ಚೆಗಳನ್ನೇ ಅಂಗಿಯಂತೆ ತೊಡುವ ಮಕ್ಕಳ ವೇಷವೂ ಬಂತು. ವಿರೋಧ ಎದ್ದ ಮೇಲೆ ಡಿಸ್ನಿ ಅದನ್ನು ಮಾರಾಟದಿಂದ ಹಿಂತೆಗೆದುಕೊಂಡಿತು.

ಇದು ನಮ್ಮ ಮನೆಯ ಸೋಫಾಕ್ಕೂ ಬಂತು. ಮಾವುಯಿ ಕಾಣಿಸಿದ ಕೂಡಲೇ ಮೊಮ್ಮಗಳು ತಮ್ಮನತ್ತ ತಿರುಗಿ, 'ಥೇಟ್ ನೀನೇ ಕಣೋ!' ಎಂದಳು. ನಾನೂ ನಕ್ಕುಬಿಟ್ಟೆ. ಅವನು ಎದ್ದು ಒಳಗೆ ಹೋದ. ಶಾಲೆಯಲ್ಲಿ ಅವನಿಗೆ 'ಡುಮ್ಮ' ಎಂಬ ಹೆಸರಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ಚಿತ್ರ ನಿಲ್ಲಿಸಿ ಕರೆಯಲು ಹೋದೆ. 'ನೀನೂ ನಕ್ಕೆಯಲ್ಲ ಅಜ್ಜಿ' ಎಂದ. 'ತಪ್ಪಾಯ್ತು ಮಗು' ಎಂದೆ. ಅಕ್ಕನೂ ಬಂದು ಕೈ ಹಿಡಿದಳು. ಸ್ವಲ್ಪ ಹೊತ್ತಿಗೆ ಬಂದು ಕೂತ.

ಕೊನೆಯಲ್ಲಿ ಬೆಂಕಿಯ ರಾಕ್ಷಸಿ ಎದುರಾದಾಗ ಮೊವಾನಾ ಹೊಡೆದಾಡುವುದಿಲ್ಲ. ಅವಳನ್ನು ಇನ್ನೊಮ್ಮೆ ಸರಿಯಾಗಿ ನೋಡುತ್ತಾಳೆ. ಅವಳಿಗೆ ಏನು ಕಂಡಿತು ಎಂಬುದನ್ನು ನಾನು ಹೇಳುವುದಿಲ್ಲ, ನೀವೇ ನೋಡಿ. ಚಿತ್ರದ ಒಳ್ಳೆಯ ಗಳಿಗೆ ಅದೇ. ರಾಕ್ಷಸಿಯನ್ನು ಎರಡನೇ ಸಲ ನೋಡಲು ಕಲಿಸಿದ ಚಿತ್ರ, ಮಾವುಯಿಯನ್ನೂ ಹಾಗೆ ನೋಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆ ಮಾತು ನನಗೂ ಸಲ್ಲುತ್ತದೆ.

ಅಪ್ಪ ಅಮ್ಮಂದಿರೇ, ಚಿತ್ರವನ್ನು ಮಕ್ಕಳ ಪಕ್ಕದಲ್ಲೇ ಕೂತು ನೋಡಿ. ಯಾವ ಜಾಗದಲ್ಲಿ ಯಾರು ನಕ್ಕರು, ಯಾರು ಸುಮ್ಮನಾದರು ಎಂದೂ ಗಮನಿಸಿ.