ಮುಂಬಯಿಗೆ 25 ಮಿಲಿಮೀಟರ್ ಸಾಲದು

ಮುಂಬಯಿಯ ಸೈಕಲ್ ಅಂಗಡಿಗಳಲ್ಲಿ ಒಂದು ವಿಚಿತ್ರ ಪಾಠ ನಡೆಯುತ್ತದೆ. ವಾರದ ದಿನ ಕೆಲಸಕ್ಕೆ, ಭಾನುವಾರ ಒಂದಿಷ್ಟು ದೂರ ಸುತ್ತಾಡಲು ಸೈಕಲ್ ಬೇಕು ಎಂದು ಬಂದವರ ಮುಂದೆ 25 ಮಿ.ಮೀ. ಟೈರಿನ ರೋಡ್ ಬೈಕ್ ನಿಲ್ಲಿಸಿ, ‘ವೇಗ ಬೇಕಾದರೆ ಇದು’ ಎನ್ನುತ್ತಾರೆ. ರಸ್ತೆ ಹಾಳಾಗಿದೆಯಲ್ಲ ಎಂದರೆ ಮುಳ್ಳುಮುಳ್ಳು ಟೈರಿನ, ಮುಂದೆ ಅಗ್ಗದ ಸಸ್ಪೆನ್ಷನ್ ಇರುವ ಎಂಟಿಬಿಯತ್ತ ಕೈ ತೋರಿಸುತ್ತಾರೆ. ಒಂದು ಮೈ ಮುರಿಯುತ್ತದೆ, ಇನ್ನೊಂದು ಕಾಲು ಸೋಲಿಸುತ್ತದೆ. ಎರಡರ ನಡುವೆ ಮೂರನೆಯದೊಂದಿದೆ ಎಂದು ಹೇಳುವವರು ಕಡಿಮೆ.

ಆ ಮೂರನೆಯದು ಈ ಊರಿಗೆ ಹೊಸದೇನಲ್ಲ. ಚರ್ಚ್‌ಗೇಟ್ ನಿಲ್ದಾಣದ ಹೊರಗೆ ಡಬ್ಬಾವಾಲಾಗಳು ಹ್ಯಾಂಡಲ್ಲಿಗೂ ಕ್ಯಾರಿಯರಿಗೂ ಊಟದ ಡಬ್ಬಿ ತೂಗುಹಾಕಿಕೊಂಡು ಹೊರಡುವ ಕಪ್ಪು ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತದೆ. ಈಗಿನ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಅದು 40-635: ಅಗಲ 40 ಮಿ.ಮೀ., ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ 635 ಮಿ.ಮೀ. ಸೆನ್-ರ್ಯಾಲೆಯ ಜೊತೆ 1980ರ ಕಾಯಿದೆಯಲ್ಲಿ ರಾಷ್ಟ್ರೀಕರಣಗೊಂಡ ಹಿಂದ್ ಸೈಕಲ್ಸ್ ಇದೇ ಮುಂಬಯಿಯ ವರ್ಲಿಯಲ್ಲಿತ್ತು. ಅಂದರೆ ಈ ಊರಿಗೆ ಸೈಕಲ್ಲು ಗೊತ್ತು, ಅಗಲದ ಟೈರೂ ಗೊತ್ತು. ಈಗ ಹೊರದೇಶದ ಪತ್ರಿಕೆಗಳು ‘ಆಲ್-ರೋಡ್’ ಎಂಬ ಹೆಸರಿನಲ್ಲಿ ಹೊಗಳುತ್ತಿರುವ ಅಗಲ ಬಹುತೇಕ ಅದೇ. ಭಾರದ ಕಬ್ಬಿಣದ ಫ್ರೇಮು, ಒಂದೇ ಗಿಯರು, ಕಂಬಿಯ ಬ್ರೇಕು ಇವೆಲ್ಲ ಹಳತಾದವು, ಸರಿ. ಅವನ್ನು ಬಿಸಾಡುವಾಗ ಟೈರನ್ನೂ ಬಿಸಾಡಿದ್ದು ತಪ್ಪು.

ಅಗಲದ ಟೈರು ನಿಧಾನ ಎಂಬ ನಂಬಿಕೆ ಇದರ ಬೇರು. ಗಟ್ಟಿಯಾಗಿ ಗಾಳಿ ತುಂಬಿದ ಸಪೂರ ಟೈರು ಉಕ್ಕಿನ ನುಣುಪು ಉರುಳೆಯ ಮೇಲೆ ಚೆನ್ನಾಗಿ ಓಡುತ್ತದೆ. ನಿಜವಾದ ರಸ್ತೆಯಲ್ಲಿ ಪ್ರತಿ ಉಬ್ಬಿಗೂ ಸೈಕಲ್ಲು, ಸವಾರ ಎರಡೂ ಮೇಲಕ್ಕೆ ನೆಗೆಯಬೇಕು. ಆ ಕುಲುಕಾಟದಲ್ಲಿ ಮಾಂಸಖಂಡಗಳು ನುಂಗುವ ಶಕ್ತಿ ಪೆಡಲಿನಿಂದಲೇ ಬರಬೇಕು. ಸಿಯಾಟಲ್‌ನ ಯಾನ್ ಹೈನೆ ತಮ್ಮ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಗಾಗಿ ಸವಾರರನ್ನು ಕೂರಿಸಿಯೇ ರಸ್ತೆಯ ಮೇಲೆ ಪರೀಕ್ಷೆ ನಡೆಸಿ, ಮೃದು ಪಕ್ಕೆಯ ಅಗಲದ ಟೈರು ಸಪೂರದ್ದಕ್ಕಿಂತ ನಿಧಾನವಲ್ಲ ಎಂದು ತೋರಿಸಿದರು. ಮೊದಮೊದಲು ನಕ್ಕವರೇ ಹೆಚ್ಚು. ಒಂದು ಕಾಲದಲ್ಲಿ 23ರಲ್ಲೇ ಓಡುತ್ತಿದ್ದ ವೃತ್ತಿಪರ ರೇಸಿನವರು ಈಗ 28ಕ್ಕೆ ಬಂದಿದ್ದಾರೆ, ಪ್ಯಾರಿಸ್-ರೂಬೆಯ ಕಲ್ಲುಹಾಸಿನಲ್ಲಿ ಇನ್ನೂ ಅಗಲಕ್ಕೆ ಹೋಗುತ್ತಾರೆ. ಅಷ್ಟಕ್ಕೂ ರೇಸಿನ ಪದ್ಧತಿ ಸಾಮಾನ್ಯ ಸವಾರರಿಗೆ ಎಂದೂ ಒಳ್ಳೆಯ ಗುರುವಾಗಿದ್ದಿಲ್ಲ. ಟೂರ್ ದ ಫ್ರಾನ್ಸ್ 1937ರವರೆಗೆ ಗಿಯರು ಬದಲಿಸುವ ಡಿರೇಲರನ್ನೇ ತನ್ನ ರೇಸಿಗರಿಗೆ ಬಿಟ್ಟುಕೊಟ್ಟಿರಲಿಲ್ಲ.

‘ರಸ್ತೆ ರಿಪೇರಿ ಮಾಡಿಸಿ, ಟೈರನ್ನೇಕೆ ದೂರುತ್ತೀರಿ’ ಎನ್ನುವವರಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತು ಎಂದು ಅವರ ಇಂಗಿತ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಎರಡು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಗುಂಡಿ ಎಲ್ಲಿದೆ ಎಂದು ಕಾಣುವುದೂ ಇಲ್ಲ, ಮೇಲೆ ನೀರು ನಿಂತಿರುತ್ತದೆ. ಡಾಂಬರು ಕಿತ್ತು ಹಾಕುತ್ತಿರುವ ಕಾಂಕ್ರೀಟಿನಲ್ಲಿ ಗುಂಡಿ ಕಡಿಮೆ, ನಿಜ. ಆದರೆ ಎರಡು ಹಾಸುಗಳ ನಡುವಿನ ಸಂದು, ಅಂಚಿನಲ್ಲಿ ಕುಸಿದ ಪೇವರ್ ಬ್ಲಾಕು, ಚರಂಡಿಯ ಜಾಲರಿ ಸಪೂರ ಚಕ್ರವನ್ನು ಕಚ್ಚಿ ಹಿಡಿಯಲು ಸಾಕು. ಬಸ್ಸಿನ ಪಕ್ಕದಲ್ಲಿ ಚಕ್ರ ಹಾಗೆ ಸಿಕ್ಕಿಕೊಂಡರೆ ಕೆಡುವುದು ರಿಮ್ಮೊಂದೇ ಅಲ್ಲ. ಇನ್ನು ನಗರದ ಅತಿ ನುಣುಪಾದ ರಸ್ತೆಗಳು ಯಾವುವು? ಬಾಂದ್ರಾ-ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್, 2024ರಲ್ಲಿ ತೆರೆದ ಅಟಲ್ ಸೇತು. ಮೂರರ ಮೇಲೂ ಸೈಕಲ್ಲಿಗೆ ಪ್ರವೇಶವಿಲ್ಲ. 25ರ ಟೈರು ಕೇಳುವ ರಸ್ತೆಯನ್ನು ಈ ನಗರ ಕಾರಿಗೆ ಮೀಸಲಿಟ್ಟು, ಆರೇ ಕಾಲನಿಯನ್ನೂ ಘೋಡಬಂದರ್ ರಸ್ತೆಯನ್ನೂ ಸೈಕಲ್ಲಿಗೆ ಬಿಟ್ಟಿದೆ.

ಹಾಗಾಗಿ 622ರ ರಿಮ್ಮಿನಲ್ಲಿ 35ರಿಂದ 38, ಮುಳ್ಳಿಲ್ಲದ ನುಣುಪು ಮೈಯ ಟೈರು. ಅಂಗಡಿಯ ಹೆಸರುಗಳನ್ನು ನಂಬಬಾರದು: ‘700’ ಎಂಬುದೂ ‘29’ ಎಂಬುದೂ ಅದೇ 622; ‘28’ ಎಂಬ ಒಂದೇ ಹೆಸರಿನಲ್ಲಿ 622 ಇದೆ, 635 ಕೂಡ ಇದೆ, ಒಂದರ ಟೈರು ಇನ್ನೊಂದಕ್ಕೆ ಕೂರದು. ಟೈರಿನ ಪಕ್ಕೆಯಲ್ಲಿ ಸಣ್ಣಕ್ಷರದಲ್ಲಿರುವ ಎರಡನೆಯ ಸಂಖ್ಯೆ ಮಾತ್ರ ಸುಳ್ಳು ಹೇಳುವುದಿಲ್ಲ. 25ಕ್ಕೆ 90 ಪಿಎಸ್‌ಐ ತುಂಬುವವರು 38ಕ್ಕೆ 45ರ ಆಸುಪಾಸಿನಲ್ಲಿ ನಿಲ್ಲಿಸಬಹುದು. ‘ಗ್ರಾವೆಲ್’ ಎಂದು ಮಾರುವ ಗುಬುಟು ಟೈರು ಅಮೆರಿಕದ ಜಲ್ಲಿರಸ್ತೆಗಾಗಿ ಹುಟ್ಟಿದ್ದು. ಒದ್ದೆ ಕಾಂಕ್ರೀಟಿನ ಮೇಲೆ ಹಿಡಿತ ಕೊಡುವುದು ರಬ್ಬರು, ಗುಬುಟುಗಳಲ್ಲ.

ಟೈರನ್ನು ನಾಳೆ ಬದಲಿಸಬಹುದು, ಫ್ರೇಮನ್ನಲ್ಲ. ಮಡ್‌ಗಾರ್ಡ್ ಹಾಕಿದ ಮೇಲೂ 38 ತೂರುವಷ್ಟು ಜಾಗವಿದೆಯೇ ಎಂಬುದು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಡಿಸ್ಕ್ ಬ್ರೇಕಿನ ಫ್ರೇಮಾಗಿದ್ದರೆ ಇನ್ನೊಂದು ದಾರಿಯಿದೆ: 650ಬಿ, ಅಂದರೆ 584ರ ರಿಮ್ಮು. ಅದರ ಮೇಲೆ 47ರ ಟೈರು ಹಾಕಿದರೆ ಚಕ್ರದ ಹೊರ ವ್ಯಾಸ 678 ಮಿ.ಮೀ., 622ರ ಮೇಲೆ 28 ಹಾಕಿದರೂ ಅಷ್ಟೇ. ಸೈಕಲ್ಲಿನ ಎತ್ತರ ಕೆಡದೆ ಗಾಳಿಯ ದಿಂಬು ಸಿಗುತ್ತದೆ, ಫ್ರೇಮಿನಲ್ಲಿ ಅಗಲ ಇದ್ದರೆ.

ಗಿಯರಿನ ವಿಷಯದಲ್ಲೂ ರೇಸಿನ ಗೀಳೇ. ಮುಂದೆ 50, ಹಿಂದೆ 11 ಹಲ್ಲಿನ ಗಿಯರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ವೇಗ ಗಂಟೆಗೆ 52 ಕಿ.ಮೀ. ಅಂಧೇರಿಯ ಸಿಗ್ನಲ್ಲುಗಳ ನಡುವೆ ಅದನ್ನು ಬಳಸುವುದು ಯಾವಾಗ? ಮುಂದೆ 46/30, ಹಿಂದೆ 11-34 ಇದ್ದರೆ ಬೋರಿವಲಿಯಿಂದ ಕಾನ್ಹೇರಿ ಗುಹೆಗಳ ಏರೂ ಖೋಪೋಲಿಯಾಚೆಯ ಬೋರ್ ಘಾಟೂ ಮಂಡಿ ಉಳಿಸಿಕೊಂಡು ಹತ್ತುತ್ತವೆ. ಎಂಟು ಅಥವಾ ಒಂಬತ್ತು ಸ್ಪೀಡು ಸಾಕು, ಚೈನು ಅಗ್ಗ. ಉಪ್ಪುಗಾಳಿಗೆ ಸ್ಟೇನ್‌ಲೆಸ್ ಕಡ್ಡಿ, ಒತ್ತಿ ಕೂರಿಸುವುದಕ್ಕಿಂತ ಮರೆಯಿರುವ ಬಾಟಮ್ ಬ್ರಾಕೆಟ್. ಡಿಸ್ಕ್ ಬ್ರೇಕು ಇರಲಿ, ಆದರೆ ಕೇಬಲ್ಲಿನದು. ಆಯಿಲ್ ಬ್ರೇಕು ಹಗುರ, ಹಿತ. ಕೆಟ್ಟ ದಿನ ಮಾತ್ರ ಅದನ್ನು ಬಲ್ಲ ಮೆಕ್ಯಾನಿಕ್ ಹುಡುಕಬೇಕು.

ಕೊನೆಯದು ಒಂದು ತೂತಿನ ಮಾತು. ರೋಡ್ ಬೈಕಿನ ರಿಮ್ಮಿಗೆ ಸಾಮಾನ್ಯವಾಗಿ 6.5 ಮಿ.ಮೀ. ತೂತು, ಅದರಲ್ಲಿ ಸಪೂರ ಪ್ರೆಸ್ಟಾ ವಾಲ್ವು ಮಾತ್ರ ತೂರುತ್ತದೆ. 8.5ರ ತೂತು ಇರುವ ರಿಮ್ಮಿನಲ್ಲಿ ಮೋಟರ್‌ಸೈಕಲ್ಲಿನ ಶ್ರೇಡರ್ ವಾಲ್ವು ಕೂರುತ್ತದೆ, ಕಪ್ಪು ಸೈಕಲ್ಲಿನ ವಾಲ್‌ಟ್ಯೂಬಿನದೂ ಕೂರುತ್ತದೆ. ಪ್ರೆಸ್ಟಾಗೆ ಒಂದು ಸಣ್ಣ ಬಳೆ ತೊಡಿಸಿದರಾಯಿತು. ಅಂಥ ಚಕ್ರಕ್ಕೆ ಮಳೆಗಾಲದ ಸಂಜೆ ಪಂಕ್ಚರ್ ಹಾಕುವ ಯಾವ ಗೂಡಂಗಡಿಯಲ್ಲೂ ಗಾಳಿ ಸಿಗುತ್ತದೆ.