ವ್ಯಸನ ಚಿಕಿತ್ಸೆ: ಸ್ಕಾರ್‌ಬರೋದಲ್ಲಿ ಬಾಗಿಲು ತೆರೆದಿದೆ, ಭಯ ಬಿಡುತ್ತಿಲ್ಲ

ಮಾದಕ ವ್ಯಸನದ ಬಗೆಗಿನ ತನ್ನ ಧೋರಣೆಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ ಬದಲಿಸಿಕೊಂಡಿದೆ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನಿಂದಾಗಿ, ದಾದಿಯರ ಕಣ್ಗಾವಲಿನಲ್ಲಿ ಮಾದಕವಸ್ತು ಸೇವಿಸಲು ಅವಕಾಶ ನೀಡುತ್ತಿದ್ದ ಕೇಂದ್ರಗಳು ಶಾಲೆ ಅಥವಾ ಶಿಶುಪಾಲನಾ ಕೇಂದ್ರದಿಂದ 200 ಮೀಟರಿನೊಳಗೆ ಇದ್ದರೆ 2025ರ ಮಾರ್ಚ್ 31ರೊಳಗೆ ಮುಚ್ಚಬೇಕಾಯಿತು. ವಸತಿ ಮತ್ತು ಚಿಕಿತ್ಸೆಗೆ ಒತ್ತು ಕೊಡುವ ‘ಹಾರ್ಟ್ ಹಬ್’ಗಳು ಅವುಗಳ ಸ್ಥಾನಕ್ಕೆ ಬಂದವು. ಮಿತಿಮೀರಿದ ಸೇವನೆಯಿಂದ ಸಾಯುವವರನ್ನು ಉಳಿಸುತ್ತಿದ್ದ ವ್ಯವಸ್ಥೆಯನ್ನು ಕಿತ್ತುಹಾಕಿದ್ದು ತಪ್ಪೆಂದು ಅನೇಕ ವೈದ್ಯರು ವಾದಿಸಿದರು. 2016ರಿಂದೀಚೆಗೆ ಓಪಿಯಾಯ್ಡ್ ಮಾದಕಗಳು ಕೆನಡಾದಲ್ಲಿ 50,000ಕ್ಕೂ ಹೆಚ್ಚು ಜೀವಗಳನ್ನು ಬಲಿ ಪಡೆದಿರುವಾಗ ಆ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸ್ಕಾರ್‌ಬರೋದ ಕನ್ನಡ ಕುಟುಂಬಗಳಿಗೆ ಈ ಚರ್ಚೆ ದೂರದ್ದೆನಿಸಬಹುದು. ಆದರೆ ವ್ಯಸನವೆಂದರೆ ಬೀದಿಬದಿಯ ಸೂಜಿಯಷ್ಟೇ ಅಲ್ಲ. ಬಾಗಿಲು ಹಾಕಿಕೊಂಡ ಬೇಸ್‌ಮೆಂಟ್ ಕೋಣೆಯ ಮದ್ಯದ ಬಾಟಲಿ, 2022ರ ಏಪ್ರಿಲ್‌ನಿಂದ ಈ ಪ್ರಾಂತ್ಯದಲ್ಲಿ ಖಾಸಗಿ ಕಂಪನಿಗಳಿಗೂ ಮುಕ್ತವಾಗಿರುವ ಆನ್‌ಲೈನ್ ಬೆಟ್ಟಿಂಗ್ ಕೂಡ ವ್ಯಸನವೇ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರಲ್ಲಿ ನಿಷೇಧಿಸಿತು. ಇಲ್ಲಿ ಅದರ ಜಾಹೀರಾತು ಟಿ.ವಿ.ಯಲ್ಲೇ ಬರುತ್ತದೆ.

ಮಗನ ಕುಡಿತದ ಸುದ್ದಿ ಹಾಸನಕ್ಕೋ ಹುಬ್ಬಳ್ಳಿಗೋ ತಲುಪಿದರೆ ತಂದೆ ತಾಯಿ ಮಾಡುವ ಮೊದಲ ಕೆಲಸ, ದೇವರ ಮೇಲೆ ಆಣೆ ಹಾಕಿಸಿ ಅಂದೇ ಬಿಡುವಂತೆ ಒತ್ತಾಯಿಸುವುದು. ಇದು ಅಪಾಯಕಾರಿ. ದೀರ್ಘಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರ ನಿಗಾದಲ್ಲಿ ಬಿಡಿಸುವುದೇ ಸರಿಯಾದ ಕ್ರಮ.

ಆ ಕ್ರಮಕ್ಕೆ ಇಲ್ಲಿ ದಾರಿ ಇದೆ. ಹಗಲಿರುಳೂ ಉಚಿತವಾಗಿ ಕೆಲಸ ಮಾಡುವ ‘ಕನೆಕ್ಸ್ ಒಂಟಾರಿಯೊ’ ಸಹಾಯವಾಣಿಗೆ (1-866-531-2600) ಕರೆ ಮಾಡಿದರೆ ಹತ್ತಿರದ ಸೇವೆಗಳ ವಿವರ ದೊರೆಯುತ್ತದೆ. ‘ರಾಮ್’ ಎಂದು ಕರೆಯುವ ಶೀಘ್ರ ವ್ಯಸನ ಚಿಕಿತ್ಸಾ ಕ್ಲಿನಿಕ್‌ಗಳಿಗೆ ಫ್ಯಾಮಿಲಿ ಡಾಕ್ಟರ ಶಿಫಾರಸು ಬೇಕಿಲ್ಲ. ಕುಡಿತದ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಿಗಳನ್ನು ಅಲ್ಲಿ ಬರೆದುಕೊಡುತ್ತಾರೆ. ಒಳರೋಗಿ ಚಿಕಿತ್ಸೆಗೆ ಮಾತ್ರ ಕಾಯಬೇಕಾಗುತ್ತದೆ. ಖಾಸಗಿ ಕೇಂದ್ರಗಳು ದುಬಾರಿ. ದೂರದ ಕಷ್ಟವೂ ಸಣ್ಣದಲ್ಲ. ಸ್ಕಾರ್‌ಬರೋದ ಲಘು ರೈಲು 2023ರ ಜುಲೈನಲ್ಲಿ ಹಳಿ ತಪ್ಪಿದ ಮೇಲೆ ಶಾಶ್ವತವಾಗಿ ನಿಂತುಹೋಯಿತು. ಪ್ರಸಿದ್ಧ ‘ಕ್ಯಾಮ್‌ಎಚ್’ ಆಸ್ಪತ್ರೆಯಿರುವ ಕ್ವೀನ್ ಸ್ಟ್ರೀಟ್‌ಗೆ ಹೋಗಬೇಕಾದವರು ಬಸ್ಸು, ಸಬ್‌ವೇ, ಟ್ರಾಮ್ ಬದಲಿಸುತ್ತ ಸಾಗಬೇಕು. ಕೈಕಾಲು ನಡುಗುತ್ತಿರುವವನಿಗೆ ಅದೇನು ಸಣ್ಣ ಪ್ರಯಾಣವೇ?

ವಿಮೆಯ ಪ್ರಶ್ನೆ ಇನ್ನೂ ಕಠಿಣ. ಖಾಯಂ ನಿವಾಸಿಗಳಿಗೂ ಪೂರ್ಣಾವಧಿ ಉದ್ಯೋಗವಿರುವ ಬಹುತೇಕ ವರ್ಕ್ ಪರ್ಮಿಟ್‌ದಾರರಿಗೂ ಸರ್ಕಾರಿ ಆರೋಗ್ಯ ವಿಮೆ ‘ಓಹಿಪ್’ ಸಿಗುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ಅವರು ಕಾಲೇಜಿನ ಖಾಸಗಿ ವಿಮೆಯನ್ನೇ ನೆಚ್ಚಬೇಕು. ವ್ಯಸನ ಚಿಕಿತ್ಸೆಗೆ ಅದು ಎಷ್ಟು ಕೊಡುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಓದಿಕೊಳ್ಳುವುದು ಲೇಸು. ಕೋರ್ಸಿನ ಕಿರುಹೊತ್ತಗೆಯನ್ನು ಓದುವಷ್ಟು ಶ್ರದ್ಧೆಯಿಂದ ಇದನ್ನು ಯಾರೂ ಓದುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಚಿಕಿತ್ಸೆಯಿಂದ ದೂರವಿಡುವುದು ಪಿ.ಆರ್. ಕೈತಪ್ಪೀತೆಂಬ ಭಯ. ರೋಗಿಯ ಒಪ್ಪಿಗೆಯಿಲ್ಲದೆ ಆರೋಗ್ಯ ಮಾಹಿತಿಯನ್ನು ಹೊರಗೆ ಹಂಚುವುದಕ್ಕೆ ಒಂಟಾರಿಯೊದ ಕಾನೂನು ಕಟ್ಟುನಿಟ್ಟಾದ ಮಿತಿ ಹಾಕಿದೆ. ವಲಸೆ ಅರ್ಜಿಯ ವೈದ್ಯಕೀಯ ತಪಾಸಣೆಯಲ್ಲಿ ವ್ಯಸನದ ಪ್ರಶ್ನೆ ಬರುತ್ತದೆ, ನಿಜ. ಅಲ್ಲಿ ಸತ್ಯವನ್ನೇ ಹೇಳಬೇಕು; ಸುಳ್ಳು ಹೇಳಿ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾ ಪ್ರವೇಶಕ್ಕೆ ತಡೆ. ಹಿಂದೊಮ್ಮೆ ಚಿಕಿತ್ಸೆ ಪಡೆದದ್ದೊಂದೇ ಅರ್ಜಿಯನ್ನು ತಿರಸ್ಕರಿಸಲು ಕಾರಣವಾಗಬೇಕೆಂಬ ನಿಯಮವಿಲ್ಲ. ನಿಜವಾದ ಗಂಡಾಂತರ ಇರುವುದು ಸ್ಟೀರಿಂಗ್ ಹಿಂದೆ. 2018ರ ಡಿಸೆಂಬರ್ 18ರಿಂದ ಕುಡಿದು ವಾಹನ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ ಹತ್ತು ವರ್ಷ. ಹೀಗಾಗಿ ವಲಸೆ ಕಾನೂನಿನ ಕಣ್ಣಲ್ಲಿ ಅದು ‘ಗಂಭೀರ ಅಪರಾಧ’. ದಂಡ ಕಟ್ಟಿ ಹೊರಬಂದ ಖಾಯಂ ನಿವಾಸಿಯೂ ಗಡೀಪಾರಿನ ಪ್ರಕ್ರಿಯೆ ಎದುರಿಸಬೇಕಾದೀತು. ಎಂದರೆ, ಬಚ್ಚಿಟ್ಟ ಕುಡಿತವೇ ಪಿ.ಆರ್.ಗೆ ದೊಡ್ಡ ಶತ್ರು.

ಊರಿನವರು ತಿಳಿದಿರಬೇಕಾದ ಇನ್ನೊಂದು ವ್ಯತ್ಯಾಸವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಮನೆಯವರು, ಊರವರು ವ್ಯಸನಿಯ ಬೆನ್ನಿಗೆ ನಿಲ್ಲುತ್ತಾರೆ. ಸ್ಕಾರ್‌ಬರೋದ ಆಸ್ಪತ್ರೆಗೆ ತಾಯಿಯೇ ಕರೆ ಮಾಡಿದರೂ, ವಯಸ್ಕ ಮಗ ಒಪ್ಪದೆ ಅವನ ವಿಷಯ ಹೇಳುವುದಿಲ್ಲ. ಅದು ಉಡಾಫೆಯಲ್ಲ, ಕಾನೂನು. ಮಗ ದಾಖಲಾಗುವ ಮೊದಲೇ, ಮನೆಯವರೊಡನೆ ಮಾತನಾಡಲು ವೈದ್ಯರಿಗೆ ಲಿಖಿತ ಅನುಮತಿ ಕೊಡುವಂತೆ ಅವನನ್ನು ಕೇಳಿಕೊಳ್ಳಬಹುದು. ಹೆತ್ತವರ ಸ್ವಂತ ಸಂಕಟಕ್ಕೂ ಕಿವಿಯಾಗುವ ಸೇವೆ ಕರ್ನಾಟಕದಲ್ಲೇ ಇದೆ: ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.